ಹೂಂ ಎಂದವರೆಲ್ಲ ಕೊಳ್ಳುವವರಲ್ಲ

ಮಾನ್ಯರೇ,

ಬಿಲ್ಲುಗಳನ್ನು ತಾನಾಗಿಯೇ ಓದಿ ಲೆಕ್ಕಕ್ಕೆ ಏರಿಸುವ ತಂತ್ರಾಂಶವೊಂದನ್ನು ಸ್ಟಾರ್ಟಪ್ ಒಂದರವರು ತಮ್ಮ ಲೆಕ್ಕಪತ್ರ ಕಚೇರಿಯಲ್ಲಿ ಅಳವಡಿಸಿ ಹೋದರೆಂದೂ, ಕೆಲವೇ ತಿಂಗಳಲ್ಲಿ ಎಲ್ಲರೂ ಅದನ್ನು ಕೈಬಿಟ್ಟರೆಂದೂ ಬರೆದಿದ್ದೀರಿ. 'ತಯಾರಿಸುವ ಮೊದಲು ಇವರು ಯಾರನ್ನೂ ಕೇಳುವುದಿಲ್ಲವೇ?' ಎಂಬುದು ತಮ್ಮ ಪ್ರಶ್ನೆ.

ಕೇಳುತ್ತಾರೆ. ತೊಡಕಿರುವುದು ಕೇಳುವ ಬಗೆಯಲ್ಲಿ. 'ಈ ಕೆಲಸ ತಾನಾಗಿಯೇ ಆಗುವಂತಿದ್ದರೆ ಅನುಕೂಲವಲ್ಲವೇ?' ಎಂದರೆ ಬೇಡವೆನ್ನುವವರು ಯಾರು? ಈಗ ಆ ಕೆಲಸವನ್ನು ಹೇಗೆ ಮಾಡುತ್ತಿದ್ದೀರಿ, ಅದನ್ನು ಹಗುರ ಮಾಡಿಕೊಳ್ಳಲು ಈವರೆಗೆ ಯಾವುದಕ್ಕಾದರೂ ಹಣ ಕೊಟ್ಟಿದ್ದೀರಾ, ತಪ್ಪಾದರೆ ಯಾರು ಉತ್ತರ ಹೇಳಬೇಕು ಎಂದು ವಿಚಾರಿಸಿದ್ದರೆ ಸಿಗುತ್ತಿದ್ದ ಉತ್ತರವೇ ಬೇರೆ.

ಈ ಕೊನೆಯ ಪ್ರಶ್ನೆಯೇ ಮುಖ್ಯವೆಂದು ನಮ್ಮ ಅಭಿಪ್ರಾಯ. ಹೊರಗಿನಿಂದ ಬಂದ ಎಂಜಿನಿಯರಿಗೆ ಅಂಕಿಗಳನ್ನು ಟೈಪು ಮಾಡುವ ಬೆರಳು ಕಾಣುತ್ತದೆಯೇ ಹೊರತು, ಈ ಮೊತ್ತ ಏಕೋ ಹೆಚ್ಚಾಯಿತಲ್ಲ ಎಂದು ಅಲ್ಲಿಯೇ ತಡೆಯುವ ಅನುಭವ ಕಾಣುವುದಿಲ್ಲ. ಯಂತ್ರವು ಟೈಪು ಮಾಡುವುದನ್ನು ತಾನು ವಹಿಸಿಕೊಂಡು ಪರಿಶೀಲನೆಯನ್ನು ತಮಗೆ ಬಿಡುತ್ತದೆ. ತಾವೇ ಬರೆದ ಲೆಕ್ಕಕ್ಕಿಂತ ಇನ್ನೊಬ್ಬರು ಬರೆದುದನ್ನು ತಿದ್ದುವುದು ಎಷ್ಟು ಬೇಸರದ ಕೆಲಸವೆಂದು ತಮಗೆ ಹೇಳಬೇಕಾಗಿಲ್ಲ. ಲಿಸಾನ್ ಬೈನ್‌ಬ್ರಿಜ್ ಎಂಬ ಮನೋವಿಜ್ಞಾನಿ 1983ರಲ್ಲಿಯೇ, ವಿನ್ಯಾಸಕರು ಸ್ವಯಂಚಾಲನೆಗೆ ಒಗ್ಗುವುದನ್ನು ಯಂತ್ರಕ್ಕೆ ಕೊಟ್ಟು, ಒಗ್ಗದೆ ಉಳಿದ ಚೂರುಪಾರುಗಳನ್ನು ನಿರ್ವಾಹಕನ ತಲೆಗೆ ಕಟ್ಟುತ್ತಾರೆಂದು ತೋರಿಸಿದ್ದರು.

ಹಣದ ಮಾತೂ ಇದೆ. ಹೊಸ ಗ್ರಾಹಕರು ಬಂದಂತೆಲ್ಲ ಹೊಸ ನೌಕರರನ್ನು ಸೇರಿಸಿಕೊಳ್ಳಬೇಕಾದ ವ್ಯವಹಾರ ಹೂಡಿಕೆದಾರರಿಗೆ ರುಚಿಸುವುದಿಲ್ಲವಾದ್ದರಿಂದ, ಎಷ್ಟೋ ಸಲ ಸ್ವಯಂಚಾಲನೆ ಬೇಕಾಗಿರುವುದು ಕಂಪನಿಗೇ ಹೊರತು ಗ್ರಾಹಕರಿಗಲ್ಲ. ಅಮೆರಿಕದ ಜ್ಯೂಸೆರೋ ಕಂಪನಿ ಸುಮಾರು 12 ಕೋಟಿ ಡಾಲರ್ ಬಂಡವಾಳ ಸಂಗ್ರಹಿಸಿ, ಪೊಟ್ಟಣ ಹಿಂಡಿ ರಸ ಕೊಡುವ ಯಂತ್ರವನ್ನು 2016ರಲ್ಲಿ 699 ಡಾಲರಿಗೆ ಮಾರುಕಟ್ಟೆಗೆ ತಂದಿತು (ಅದಕ್ಕೆ ವೈಫೈ ಸಂಪರ್ಕವೂ ಇತ್ತು, ಏಕೆಂದು ಕೇಳಬೇಡಿ). ಅದೇ ಪೊಟ್ಟಣವನ್ನು ಕೈಯಲ್ಲಿಯೇ ಹಿಂಡಬಹುದೆಂದು ಬ್ಲೂಮ್‌ಬರ್ಗ್ ವರದಿಗಾರರು 2017ರ ಏಪ್ರಿಲ್‌ನಲ್ಲಿ ತೋರಿಸಿದರು. ಸೆಪ್ಟೆಂಬರ್ ಹೊತ್ತಿಗೆ ಮಾರಾಟ ನಿಂತಿತು. ಅಷ್ಟು ಬಂಡವಾಳ ಹೂಡಿದವರು ರಸ ಕುಡಿಯುವವರಾಗಿರಲಿಲ್ಲ.

ತಮ್ಮಲ್ಲಿಗೆ ಬಂದವರು ಲೆಕ್ಕ ಬರೆಯುವ ಗೋಜಿಗೆ ಹೋಗದೆ, ಎರಡು ಸಲ ಬಂದ ಬಿಲ್ಲುಗಳನ್ನೂ ಹಿಂದಿನ ತಿಂಗಳಿಗಿಂತ ಮೊತ್ತ ತೀರಾ ಏರುಪೇರಾದವುಗಳನ್ನೂ ಮಾತ್ರ ಹೆಕ್ಕಿ ತೋರಿಸಿದ್ದರೆ, ಬಹುಶಃ ತಾವು ಅದನ್ನು ಇಟ್ಟುಕೊಳ್ಳುತ್ತಿದ್ದಿರಿ. ಆದರೆ ಅಂಥದ್ದು ಬೇಕೆಂದು ತಿಳಿಯಲು ಅವರು ತಿಂಗಳ ಕೊನೆಯ ವಾರವನ್ನು ತಮ್ಮ ಮೇಜಿನ ಪಕ್ಕದಲ್ಲಿ ಕಳೆಯಬೇಕಾಗಿತ್ತು.

– ಸಂಪಾದಕ