ಪ್ಯಾರಾಸಿಂಪಥೆಟಿಕ್ ಟೇಬಲ್ ಬಾಯಿಪಾಠ ಆಗುತ್ತಿಲ್ಲ, ಏನಾದರೂ ಟ್ರಿಕ್ ಇದೆಯಾ?

ದೇಹ ಆರಾಮಾಗಿದ್ದಾಗ ಜೊಲ್ಲು, ಜೀರ್ಣ ಇತ್ಯಾದಿ ನೋಡಿಕೊಳ್ಳುವ ಪ್ಯಾರಾಸಿಂಪಥೆಟಿಕ್ ನರಗಳು ಎಲ್ಲೆಲ್ಲಿಂದ ಹೊರಡುತ್ತವೆ ಅನ್ನೋ ಪಟ್ಟಿ ಅದು. ಮಿದುಳಿನ ನರಗಳಲ್ಲಿ ಮೂರು, ಏಳು, ಒಂಬತ್ತು, ಹತ್ತು; ಬೆನ್ನುಹುರಿಯಲ್ಲಿ ಎಸ್2ರಿಂದ ಎಸ್4 (ಎಸ್ ಅಂದರೆ ಸೇಕ್ರಲ್, ಬೆನ್ನುಹುರಿಯ ಕೆಳತುದಿಯ ಭಾಗ). ವಿಜಯಪುರದ ಹಾಸ್ಟೆಲ್‌ನಲ್ಲಿ ನಾನೂ ಇದನ್ನು ಮಗ್ಗಿ ತರ ಹೇಳಿಕೊಂಡು ಓಡಾಡಿದವನೇ. ಟೇಬಲ್ ಪೂರ್ತಿ ಬರುತ್ತಿತ್ತು. ಆದರೂ ಅನಾಟಮಿಯಲ್ಲಿ ಫೇಲ್ ಆದೆ, ಅದೂ ಎರಡೇ ಮಾರ್ಕಿಗೆ.

ವೈವಾದಲ್ಲಿ ಎಕ್ಸಾಮಿನರ್ ಸ್ಪೆಸಿಮೆನ್ ತಲೆಯ ಕಿವಿ ಮುಂದೆ ಚಿಮಟ ಇಟ್ಟು, "ಇದಕ್ಕ ಜೊಲ್ಲು ಸುರಿಸು ಅಂತ ಹೇಳೋ ನರ ಯಾವ್ದು ತಮ್ಮಾ?" ಅಂದರು. ಪರೋಟಿಡ್ ಗ್ರಂಥಿ. ಮಂಗನಬಾವು ಬಂದಾಗ ಊದುತ್ತಲ್ಲ, ಅದೇ. ಅದರೊಳಗೆ ಏಳನೇ ನರ (ಫೇಶಿಯಲ್) ಐದು ಕವಲಾಗಿ ಹರಡಿದ್ದು ಕಣ್ಣೆದುರೇ ಇತ್ತು. ಏಳು ಅಂದರೆ ಜೊಲ್ಲು ಅಂತ ಟೇಬಲ್‌ನಲ್ಲೂ ಓದಿದ್ದೆ. "ಫೇಶಿಯಲ್, ಸರ್." "ವಿಚಾರ ಮಾಡಿ ಹೇಳೋ." ನಾನು ಇನ್ನೂ ಜೋರಾಗಿ ಅದನ್ನೇ ಹೇಳಿದೆ. ಅಲ್ಲಿಂದ ಬಾಯೇ ಒಣಗಿತು.

ಬಾಗಲಕೋಟೆಯ ನಾನ್‌ಸ್ಟಾಪ್ ಬಸ್ಸು ಕೊಲ್ಹಾರ ದಾಟಿಯೇ ಹೋಗುತ್ತೆ, ಆದರೆ ಅಲ್ಲಿ ಯಾರನ್ನೂ ಇಳಿಸಲ್ಲ. ಏಳನೇ ನರವೂ ಹಾಗೇ. ಪರೋಟಿಡ್ ಒಳಗೆ ಹಾದು ಮುಖದ ಸ್ನಾಯುಗಳಿಗೆ ಹೋಗುತ್ತೆ, ಗ್ರಂಥಿಗೆ ಏನೂ ಕೊಡಲ್ಲ. ಪರೋಟಿಡ್ ನೋಡಿಕೊಳ್ಳುವುದು ಒಂಬತ್ತು. ಅದರ ದಾರಿ ಸುತ್ತುಬಳಸು: ಮಿದುಳಿನ ಬುಡದ ಮೆಡುಲ್ಲಾದಿಂದ ಹೊರಟು, ನಡುಗಿವಿ ಹಾದು, ಲೆಸ್ಸರ್ ಪೆಟ್ರೋಸಲ್ ಕವಲು ಹಿಡಿದು, ನರಕೋಶಗಳ ಗಂಟಾದ ಓಟಿಕ್ ಗ್ಯಾಂಗ್ಲಿಯಾನ್‌ನಲ್ಲಿ ಬಸ್ ಬದಲಿಸುತ್ತೆ. ಕೊನೆಗೆ ಐದನೇ ನರದ ಆರಿಕ್ಯುಲೋಟೆಂಪೊರಲ್ ಕವಲಿನ ಜೊತೆ ಸೇರಿಕೊಂಡು ಗ್ರಂಥಿಗೆ ಬರುತ್ತೆ. ಏಳರ ಜೊಲ್ಲು ಬೇರೆ. ಅದು ಕಾರ್ಡಾ ಟಿಂಪನಿ ಎಂಬ ಕವಲಿನ ಮೂಲಕ ದವಡೆ ಮತ್ತು ನಾಲಿಗೆ ಕೆಳಗಿನ ಗ್ರಂಥಿಗಳಿಗೆ. ನನ್ನ ಟೇಬಲ್ ಅರ್ಧ ನಿಜ ಹೇಳಿತ್ತು, ಅದೇ ನನ್ನನ್ನು ಕೆಡಿಸಿದ್ದು.

ಹಾಗಾಗಿ ಟ್ರಿಕ್ ಕೇಳಬೇಡಿ. ಬಾಯಿಪಾಠ ಆಗದೇ ಇರುವುದು ಒಳ್ಳೆಯದೇ ಆಯಿತು ಅನ್ನುತ್ತೇನೆ. ಸುಮ್ನೆ ಖಾಲಿ ಹಾಳೆ ತಗೊಂಡು ದಾರಿ ಬರೆಯಿರಿ: ಎಲ್ಲಿ ಹೊರಟಿತು, ಎಲ್ಲಿ ಬದಲಾಯಿತು, ಯಾರ ಬೆನ್ನೇರಿ ಮುಟ್ಟಿತು. ತಲೆಯಲ್ಲಿ ಬದಲಾಗುವ ಜಾಗ ನಾಲ್ಕೇ. ಹತ್ತನೇ ನರ ವೇಗಸ್‌ನದು ಮಾತ್ರ ಅಂಗದ ಗೋಡೆಯಲ್ಲೋ ಪಕ್ಕದಲ್ಲೋ ಇರುತ್ತೆ. ಅದನ್ನೂ ಕರುಳಿನ ತುದಿವರೆಗೆ ಎಳೆಯಬೇಡಿ, ದೊಡ್ಡ ಕರುಳಿನ ಅಡ್ಡ ಭಾಗವಾದ ಟ್ರಾನ್ಸ್‌ವರ್ಸ್ ಕೋಲನ್‌ನ ಮೂರರಲ್ಲಿ ಮೊದಲ ಎರಡು ಭಾಗಕ್ಕೆ ನಿಲ್ಲಿಸಿ. ಮುಂದಿನದು ಎಸ್2-ಎಸ್4 ಪಾಲು.

ಆಮೇಲೆ ಮೆಸ್‌ನಲ್ಲಿ ಒಂದು ಇಂಡಿ ಲಿಂಬೆಹಣ್ಣು ನಾಲಿಗೆ ಮೇಲೆ ಹಿಂಡಿಕೊಳ್ಳಿ. ಮೇಲಿನ ದವಡೆ ಹಲ್ಲಿನ ಎದುರು ಕೆನ್ನೆಯೊಳಗೆ ಚುಳ್ ಅಂತ ನೀರು ಬರುತ್ತಲ್ಲ, ಅದು ಒಂಬತ್ತು. ನಾಲಿಗೆ ಕೆಳಗೆ ತುಂಬುವುದು ಏಳು.