‘ಒಂದು ಗ್ಯಾಸ್ಟ್ರಿಕ್ ಮಾತ್ರೆ ಕೊಡಿ’: ಓದುಗರ ಪ್ರಶ್ನೆ, ಔಷಧಿಕಾರರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಟ್ಟೆಯ ತೊಂದರೆಗೆ ಸಂಬಂಧಿಸಿದವು. ಹಾಸನದಲ್ಲಿ 28 ವರ್ಷ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವನಿಗೆ ಇದು ಆಶ್ಚರ್ಯದ ಸಂಗತಿಯೇನಲ್ಲ. ಎದೆ ಉರಿದರೂ, ಹುಳಿತೇಗು ಬಂದರೂ, ಊಟವಾದ ಮೇಲೆ ಹೊಟ್ಟೆ ಉಬ್ಬರಿಸಿದರೂ, ಕೊನೆಗೆ ಬೆನ್ನು ಹಿಡಿದುಕೊಂಡರೂ ನಮ್ಮ ಕಡೆಯ ಜನ ಕೇಳುವುದು ಒಂದನ್ನೇ: ‘ಒಂದು ಗ್ಯಾಸ್ಟ್ರಿಕ್ ಮಾತ್ರೆ ಕೊಡಿ.’ ಇಷ್ಟೆಲ್ಲ ತೊಂದರೆಗಳಿಗೆ ಒಂದೇ ಹೆಸರಿಟ್ಟ ಮೇಲೆ ಒಂದೇ ಮಾತ್ರೆ ಸಾಕೆನಿಸುವುದು ಸಹಜ. ಆದ್ದರಿಂದ ಇಲ್ಲಿನ ಉತ್ತರಗಳಲ್ಲಿ ಮಾತ್ರೆಯ ವಿಚಾರಕ್ಕೆ ಬರುವ ಮೊದಲು ತೊಂದರೆ ಯಾವುದೆಂದು ವಿಚಾರಿಸಿದ್ದೇನೆ.

ಪ್ರಶ್ನೆ: ಕಾಫಿ ತೋಟವೊಂದರಲ್ಲಿ ರೈಟರ್ (ಹಾಜರಿ, ಲೆಕ್ಕ ಬರೆಯುವವ) ಆಗಿದ್ದೇನೆ, ವಯಸ್ಸು 52. ಎರಡು ವರ್ಷಗಳಿಂದ ಎದೆಯುರಿ ಮತ್ತು ಹುಳಿತೇಗು ಇದೆ. ದಿನವೂ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಪ್ಯಾಂಟೊಪ್ರಜೋಲ್ ಡಿಎಸ್‌ಆರ್ ಕ್ಯಾಪ್ಸೂಲ್ ನುಂಗುತ್ತೇನೆ. ಎರಡು ದಿನ ಬಿಟ್ಟರೆ ಉರಿ ಮೊದಲಿಗಿಂತ ಹೆಚ್ಚಾಗುತ್ತದೆ. ಮಂಡಿನೋವಿಗೆ ಆಗಾಗ ಡೈಕ್ಲೊಫೆನಾಕ್ ಕೂಡ ತೆಗೆದುಕೊಳ್ಳುತ್ತೇನೆ. ಹೀಗೆಯೇ ಮುಂದುವರಿಸಬಹುದೇ? (ಮೂಡಿಗೆರೆ)

ಉತ್ತರ: ಹೀಗೆಯೇ ಮುಂದುವರಿಸಬಾರದು. ನಿಮ್ಮ ಪತ್ರದ ಕೊನೆಯಲ್ಲಿ ಸುಮ್ಮನೆ ಸೇರಿಸಿದಂತಿರುವ ಮಂಡಿನೋವಿನ ಮಾತ್ರೆಯಿಂದಲೇ ಆರಂಭಿಸುತ್ತೇನೆ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವುನಿವಾರಕಗಳು ಜಠರದ ಒಳಪೊರೆಯನ್ನು ಕಾಯುವ ಲೋಳೆಯನ್ನು ಕಡಿಮೆ ಮಾಡುತ್ತವೆ. ಅವುಗಳಿಂದ ಹುಣ್ಣಾಗಬಹುದು, ಕೆಲವೊಮ್ಮೆ ನೋವೇ ಇಲ್ಲದೆ ರಕ್ತಸ್ರಾವವೂ ಆಗಬಹುದು. ಒಂದು ಕೈಯಿಂದ ಹುಣ್ಣಿಗೆ ದಾರಿ ಮಾಡಿ, ಇನ್ನೊಂದು ಕೈಯಿಂದ ಆಮ್ಲ ತಗ್ಗಿಸುವ ಕ್ಯಾಪ್ಸೂಲ್ ನುಂಗುತ್ತಿದ್ದೀರಿ. ಮಂಡಿಗೆ ಹಚ್ಚುವ ಮುಲಾಮು ಅಥವಾ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ಎಂದು ವೈದ್ಯರನ್ನು ಕೇಳಿ.

ಇನ್ನು ಕ್ಯಾಪ್ಸೂಲಿನ ವಿಚಾರ. ಜಠರದಲ್ಲಿ ಆಮ್ಲ ಸುರಿಸುವ ಪಂಪುಗಳು ಊಟದಿಂದ ಎಚ್ಚರಗೊಳ್ಳುತ್ತವೆ, ಪ್ಯಾಂಟೊಪ್ರಜೋಲ್ ಎಚ್ಚರಗೊಂಡ ಪಂಪುಗಳನ್ನಷ್ಟೇ ತಡೆಯಬಲ್ಲದು. ಆದ್ದರಿಂದ ತಿಂಡಿಗೆ ಅರ್ಧ ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ, ನೀರಿನೊಂದಿಗೆ ನುಂಗಿದರೆ ಮಾತ್ರ ಅದು ತನ್ನ ಕೆಲಸವನ್ನು ಪೂರ್ಣವಾಗಿ ಮಾಡುತ್ತದೆ. ಮುಂಜಾನೆಯ ಚಳಿಗೆ ಬೆಲ್ಲದ ಕಾಫಿ ಕುಡಿದು, ಕೆಲಸಗಾರರ ಹಾಜರಿ ಹಾಕಿ, ಆಮೇಲೆ ನೆನಪಾದಾಗ ನುಂಗಿದ ಕ್ಯಾಪ್ಸೂಲಿನ ಶಕ್ತಿಯಲ್ಲಿ ಒಂದು ಪಾಲು ವ್ಯರ್ಥವಾಗಬಹುದು. ಬಾಬಾಬುಡನ್ ಗಿರಿಯ ತಪ್ಪಲಿನವರಿಗೆ ಕಾಫಿ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಕೆಲವರಲ್ಲಿ ಕಾಫಿ ಎದೆಯುರಿಯನ್ನು ಕೆರಳಿಸುತ್ತದೆ, ಖಾಲಿ ಹೊಟ್ಟೆಯಲ್ಲಿ ಕುಡಿದರೆ ಇನ್ನಷ್ಟು. ಎರಡು ವಾರ ಮೊದಲ ಲೋಟವನ್ನು ತಿಂಡಿಯ ನಂತರಕ್ಕೆ ಸರಿಸಿ ನೋಡಿ. ಉರಿ ತಗ್ಗಿದರೆ ಕಾರಣ ತಿಳಿದಂತಾಯಿತು, ತಗ್ಗದಿದ್ದರೆ ನಿಮ್ಮ ಕಾಫಿ ನಿರಪರಾಧಿ.

‘ಡಿಎಸ್‌ಆರ್’ ಎಂಬ ಅಕ್ಷರಗಳನ್ನು ಯಾರೂ ಗಮನಿಸುವುದಿಲ್ಲ. ಅದು ಅದೇ ಕ್ಯಾಪ್ಸೂಲಿನಲ್ಲಿರುವ ಡೊಂಪೆರಿಡೋನ್ ಎಂಬ ಇನ್ನೊಂದು ಔಷಧದ ಗುರುತು. ಡೊಂಪೆರಿಡೋನ್ ವಾಂತಿ ತಡೆಯುವ ಔಷಧ. ಹೃದಯ ಬಡಿತದ ಲಯವನ್ನು ಕೆಡಿಸಬಹುದಾದ ಕಾರಣ ಯುರೋಪಿನ ಔಷಧ ನಿಯಂತ್ರಕರು 2014ರಲ್ಲಿ ಅದನ್ನು ವಾಂತಿ, ವಾಕರಿಕೆಗೆ ಮಾತ್ರ, ಸಾಮಾನ್ಯವಾಗಿ ಒಂದು ವಾರ ಮೀರದಂತೆ ಬಳಸಬೇಕೆಂದು ಮಿತಿ ಹಾಕಿದರು. ವಾಂತಿಯೇ ಇಲ್ಲದ ನೀವು ಅದನ್ನು ಎರಡು ವರ್ಷ ನುಂಗಿದ್ದೀರಿ. ಪ್ಯಾಂಟೊಪ್ರಜೋಲ್, ಡೊಂಪೆರಿಡೋನ್ ಎರಡೂ ವೈದ್ಯರ ಚೀಟಿಯ ಮೇಲೆ ಮಾರಬೇಕಾದ ಔಷಧಗಳು. ಚೀಟಿ ಕೇಳದೆ ಕೊಟ್ಟ ತಪ್ಪು ನಮ್ಮ ವೃತ್ತಿಯವರದ್ದೇ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಕ್ಯಾಪ್ಸೂಲ್ ಬಿಟ್ಟಾಗ ಉರಿ ಹೆಚ್ಚಾಗುವುದನ್ನು ‘ಕಾಯಿಲೆ ಬಲಿತಿದೆ’ ಎಂದು ತಿಳಿಯಬೇಡಿ. ಬಹುಕಾಲ ತಡೆಹಿಡಿದ ಆಮ್ಲ, ತಡೆ ತೆಗೆದ ಕೂಡಲೇ ಕೆಲವು ವಾರ ಉಕ್ಕುವುದುಂಟು. ವೈದ್ಯರು ಸಾಮಾನ್ಯವಾಗಿ ಪ್ರಮಾಣವನ್ನು ತಗ್ಗಿಸಿ, ದಿನ ಬಿಟ್ಟು ದಿನಕ್ಕೆ ತಂದು, ನಡುವೆ ಉರಿ ಬಂದಾಗ ಆಮ್ಲ ತಣಿಸುವ ದ್ರವರೂಪದ ಆಂಟಾಸಿಡ್ ಬಳಸಲು ಹೇಳುತ್ತಾರೆ. ಆಂಟಾಸಿಡ್ ಬಾಟಲಿಯನ್ನು ಚೆನ್ನಾಗಿ ಕುಲುಕಿ ಕುಡಿಯಬೇಕು. ಅದರಲ್ಲಿರುವ ಅಲ್ಯೂಮಿನಿಯಂ ಮಲ ಕಟ್ಟಿಸುತ್ತದೆ, ಮೆಗ್ನೀಸಿಯಂ ಸಡಿಲಿಸುತ್ತದೆ, ಎರಡನ್ನೂ ಬೆರೆಸಿರುವುದು ಅದಕ್ಕಾಗಿಯೇ. ಮೂತ್ರಪಿಂಡದ ತೊಂದರೆ ಇದ್ದವರು ಇದನ್ನೂ ಕೇಳದೆ ಕುಡಿಯಬಾರದು. ಥೈರಾಯ್ಡ್ ಮಾತ್ರೆ ನುಂಗುವವರು ಆಂಟಾಸಿಡ್‌ಗೂ ಅದಕ್ಕೂ ನಾಲ್ಕು ಗಂಟೆಯ ಅಂತರವಿಡಬೇಕು.

ರಾತ್ರಿಯ ಮುದ್ದೆಯೂಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿರಲಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇಡುವುದು ಹಳೆಯ ಉಪಾಯವಾದರೂ ನಿಜವಾಗಿ ಕೆಲಸ ಮಾಡುತ್ತದೆ. ಎರಡು ದಿಂಬು ಇಟ್ಟುಕೊಂಡರೆ ಕುತ್ತಿಗೆಯಷ್ಟೇ ಬಾಗುತ್ತದೆ. ನುಂಗಲು ಕಷ್ಟವಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಡಾಂಬರಿನಂತೆ ಕಪ್ಪಾಗಿ ಅಂಟುವ ಮಲ, ಇವುಗಳಲ್ಲಿ ಒಂದಿದ್ದರೂ ಅಂಗಡಿಗೆ ಬರದೆ ಆಸ್ಪತ್ರೆಗೆ ಹೋಗಿ. ಕಬ್ಬಿಣಾಂಶದ ಮಾತ್ರೆ ನುಂಗುವವರ ಮಲವೂ ಕಪ್ಪಾಗುತ್ತದೆ, ಅದನ್ನು ವೈದ್ಯರಿಗೆ ತಿಳಿಸಿ. ಇವು ಯಾವುವೂ ಇಲ್ಲದಿದ್ದರೂ ಎರಡು ವರ್ಷ ಉರಿದ ಎದೆಯನ್ನು ನಿಮ್ಮ ವಯಸ್ಸಿನಲ್ಲಿ ಒಮ್ಮೆ ಪರೀಕ್ಷೆ ಮಾಡಿಸುವುದೇ ಸರಿ.

ಪ್ರಶ್ನೆ: ಮೂರು ವರ್ಷದ ಮಗನಿಗೆ ನಿನ್ನೆಯಿಂದ ಭೇದಿ. ಓಆರ್‌ಎಸ್ ಪೊಟ್ಟಣದಿಂದ ಅರ್ಧ ಲೋಟಕ್ಕೆ ಒಂದು ಚಮಚ ಹಾಕಿ ಕುಡಿಸಿದೆ, ವಾಂತಿ ಮಾಡಿದ. ಭೇದಿ ನಿಲ್ಲುವ ಮಾತ್ರೆಯನ್ನು ಕಾಲು ಭಾಗ ಮಾಡಿ ಕೊಡಬಹುದೇ? (ಅರಸೀಕೆರೆ)

ಉತ್ತರ: ಬೇಡ. ದೊಡ್ಡವರ ಭೇದಿ ನಿಲ್ಲಿಸುವ ಲೋಪೆರಮೈಡ್ ಕರುಳಿನ ಚಲನೆಯನ್ನು ಕಟ್ಟಿಹಾಕುತ್ತದೆ. ಚಿಕ್ಕ ಮಕ್ಕಳಿಗೆ ಅದು ಅಪಾಯಕಾರಿ, ಕಾಲು ಭಾಗವಾದರೂ ಸರಿಯೇ. ಮಗುವಿಗೆ ಬೇಕಿರುವುದು ಕಳೆದುಹೋದ ನೀರು ಮತ್ತು ಲವಣ.

ನಿಮ್ಮಿಂದ ಆಗಿರುವ ತಪ್ಪು ಬೆರೆಸುವುದರಲ್ಲಿದೆ, ಅದು ಎಲ್ಲರೂ ಮಾಡುವ ತಪ್ಪು. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿಲಿಗೆ ಎಂದು ಅದರ ಮೇಲೆಯೇ ಬರೆದಿರುತ್ತದೆ. ಪೊಟ್ಟಣದೊಳಗೆ ಗ್ಲೂಕೋಸ್ ಮತ್ತು ಮೂರು ಬಗೆಯ ಲವಣಗಳಿವೆ. ಪುಡಿಯನ್ನು ಚಮಚದಿಂದ ಎತ್ತಿದಾಗ ಒಂದು ಚಮಚದಲ್ಲಿ ಉಪ್ಪು ಹೆಚ್ಚಿ, ಇನ್ನೊಂದರಲ್ಲಿ ಸಕ್ಕರೆ ಹೆಚ್ಚಬಹುದು. ಅರ್ಧ ಲೋಟಕ್ಕೆ ಒಂದು ಚಮಚವೆಂದರೆ ನೀರು ಗಟ್ಟಿಯಾಗಿ, ಕರುಳು ಅದನ್ನು ಹೀರಿಕೊಳ್ಳುವ ಬದಲು ಮೈಯ ನೀರನ್ನೇ ತನ್ನೊಳಗೆ ಎಳೆದುಕೊಳ್ಳುತ್ತದೆ. ಮನೆಯ ಸ್ಟೀಲ್ ಲೋಟಗಳ ಅಳತೆಯನ್ನೂ ನಂಬಬೇಡಿ; ನಮ್ಮ ಮನೆಯ ಮೂರು ಲೋಟಗಳನ್ನು ಅಳೆದಾಗ ಮೂರರ ಅಳತೆಯೂ ಬೇರೆಬೇರೆಯಾಗಿತ್ತು. ಒಂದು ಲೀಟರಿನ ನೀರಿನ ಬಾಟಲಿಯಿಂದ ಕಾಯಿಸಿ ಆರಿಸಿದ ನೀರನ್ನು ಅಳೆದು ಪಾತ್ರೆಗೆ ಹಾಕಿ, ದೊಡ್ಡ ಪೊಟ್ಟಣವನ್ನು ಪೂರ್ತಿ ಸುರಿದು ಕರಗಿಸಿ, ಮುಚ್ಚಿಡಿ. 24 ಗಂಟೆಯ ನಂತರ ಉಳಿದಿದ್ದರೆ ಚೆಲ್ಲಿ ಹೊಸದಾಗಿ ಮಾಡಿ.

ಪ್ರತಿ ಭೇದಿಯ ನಂತರ ಈ ವಯಸ್ಸಿನ ಮಗುವಿಗೆ 100ರಿಂದ 200 ಮಿಲಿ ಕೊಡಬೇಕು, ಚಮಚದಿಂದ, ನಿಧಾನವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಇನ್ನೂ ನಿಧಾನವಾಗಿ ಆರಂಭಿಸಿ. ಊಟ ನಿಲ್ಲಿಸಬೇಡಿ, ಗಂಜಿ, ಮೊಸರನ್ನ, ಬಾಳೆಹಣ್ಣು ಯಾವುದನ್ನು ತಿಂದರೂ ಕೊಡಿ. ಇದರ ಜೊತೆಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್ ಮಾತ್ರೆಯನ್ನು 14 ದಿನ, ಭೇದಿ ನಿಂತ ಮೇಲೂ ಕೊಡಬೇಕು. ಆಶಾ ಕಾರ್ಯಕರ್ತೆಯ ಬಳಿ ಓಆರ್‌ಎಸ್, ಜಿಂಕ್ ಎರಡೂ ಉಚಿತವಾಗಿ ಸಿಗುತ್ತವೆ. ಅಂಗಡಿಯಲ್ಲಿ ಕೊಳ್ಳುವಾಗ ‘ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ’ ಎಂಬ ಮಾತನ್ನು ಹುಡುಕಿ. ಹಣ್ಣಿನ ರುಚಿಯ ಸಿಹಿ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಹೊತ್ತು ವರ್ಷಗಟ್ಟಲೆ ಮಾರಾಟವಾದವು. ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆ ಹೆಸರಿನ ಬಳಕೆಯನ್ನು ನಿಷೇಧಿಸಿತು.

ಪುಡಿ ಕರಗಿಸಿದ ನೀರೆಂದು ಇದನ್ನು ಹಗುರವಾಗಿ ಕಾಣುವವರಿಗೆ ಒಂದು ಮಾತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ದ್ರವ ಮುಗಿದುಹೋದಾಗ ಡಾ. ದಿಲೀಪ್ ಮಹಲನಾಬಿಸ್ ಡ್ರಮ್ಮುಗಳಲ್ಲಿ ಕರಗಿಸಿ ಕುಡಿಸಿದ್ದು ಇಂಥದೇ ಉಪ್ಪು-ಸಕ್ಕರೆಯ ನೀರನ್ನು. ಸಾವಿರಾರು ಜೀವ ಉಳಿಯಿತು.

ಮಗು ಆರು ಗಂಟೆ ಮೂತ್ರ ಮಾಡದಿದ್ದರೆ, ಅತ್ತರೆ ಕಣ್ಣೀರು ಬರದಿದ್ದರೆ, ಕಣ್ಣು ಗುಳಿಬಿದ್ದರೆ, ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯಲ್ಲೂ ಚಮಚ ನಿಲ್ಲಿಸಬೇಡಿ.

ಪ್ರಶ್ನೆ: ಅತ್ತೆಯವರಿಗೆ 70 ವರ್ಷ, ಮಲಬದ್ಧತೆ ಇದೆ. ಇಸಬ್‌ಗೋಲ್ ಕೊಟ್ಟರೆ ಇನ್ನೂ ಕಟ್ಟಿಕೊಂಡಿತು ಎನ್ನುತ್ತಾರೆ. (ಸಕಲೇಶಪುರ)

ಉತ್ತರ: ನೀರು ಸಾಲದೆ ಹೋಗಿರಬೇಕು. ಇಸಬ್‌ಗೋಲ್ ನೀರು ಹೀರಿ ಉಬ್ಬಿ, ಮಲವನ್ನು ಮೆದುಗೊಳಿಸುವ ಹೊಟ್ಟು. ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿದರೆ ಅದು ಅಲ್ಲಿಯೇ ಅಂಟಾಗಿ ನಿಲ್ಲುತ್ತದೆ, ವಯಸ್ಸಾದವರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವೂ ಇದೆ. ಒಂದು ದೊಡ್ಡ ಲೋಟ ನೀರಿನಲ್ಲಿ ಬೆರೆಸಿ ತಕ್ಷಣ ಕುಡಿದು, ಮೇಲೊಂದು ಲೋಟ ನೀರು ಕುಡಿಯಬೇಕು. ಕುಡಿದ ಕೂಡಲೇ ಮಲಗಬಾರದು. ಫಲ ಕಾಣಲು ಎರಡು ಮೂರು ದಿನ ಬೇಕು. ಮಳೆಗಾಲದಲ್ಲಿ ಮಲೆನಾಡಿನ ಹಿರಿಯರು ಬಾಯಾರಿಕೆಯೇ ಇಲ್ಲವೆಂದು ನೀರು ಕುಡಿಯುವುದನ್ನು ಬಿಟ್ಟುಬಿಡುತ್ತಾರೆ, ಅದನ್ನೂ ಗಮನಿಸಿ. ಅವರು ಕ್ಯಾಲ್ಸಿಯಂ ಅಥವಾ ಕಬ್ಬಿಣಾಂಶದ ಮಾತ್ರೆ ನುಂಗುತ್ತಿದ್ದರೆ ಅದೂ ಕಾರಣವಿರಬಹುದು. ಹೊಟ್ಟೆ ಉಬ್ಬಿ, ವಾಂತಿಯಾಗಿ, ವಾಯುವೂ ಹೋಗದಿದ್ದರೆ ಯಾವ ಪುಡಿಯನ್ನೂ ಕೊಡದೆ ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: ವಯಸ್ಸು 46, ಬಿಪಿ ಇದೆ. ಆಗಾಗ ಎದೆಯಲ್ಲಿ ಗ್ಯಾಸ್ ಹಿಡಿದಂತಾಗುತ್ತದೆ. ಈನೋ ಕುಡಿದು ತೇಗಿದರೆ ಹಗುರವಾಗುತ್ತದೆ. ಹಾಗಾದರೆ ಇದು ಹೃದಯದ್ದಲ್ಲ ತಾನೇ? (ಹಾಸನ)

ಉತ್ತರ: ತೇಗಿದಾಗ ಹಗುರವಾಯಿತು ಎಂಬ ಒಂದೇ ಆಧಾರದ ಮೇಲೆ ಹಾಗೆ ಹೇಳಲಾಗದು. 2025ರಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾಗಿ, ಸರ್ಕಾರ ತಜ್ಞರ ಸಮಿತಿ ನೇಮಿಸಿ, ಜನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದ್ದು ನಿಮಗೆ ನೆನಪಿರಬಹುದು. ಆ ದಿನಗಳಲ್ಲಿ ಬರಿಯ ಹುಳಿತೇಗಿಗೆ ಹೆದರಿ ಬಂದವರನ್ನೂ ಕಂಡೆ. ಅದಕ್ಕೂ ಬಹಳ ಹಿಂದೆ, ಪುಷ್ಯಮಾಸದ ಚಳಿಯ ಒಂದು ಸಂಜೆ ಒಬ್ಬರು ಎದೆ ನೀವಿಕೊಳ್ಳುತ್ತ ಅಂಗಡಿಗೆ ಬಂದು ಗ್ಯಾಸ್ ಮಾತ್ರೆ ಕೇಳಿದರು. ನಾನು ಕೊಟ್ಟೆ. ಅವರು ಚಿಲ್ಲರೆ ಎಣಿಸಿಕೊಂಡು ತಿರುಗಿದಾಗ ಅಂಗಿಯ ಬೆನ್ನು ಪೂರ್ತಿ ತೊಯ್ದಿತ್ತು. ಅಷ್ಟು ಚಳಿಯಲ್ಲಿ ಬೆವರೇಕೆ ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ಅದೇ ರಾತ್ರಿ ಅವರು ಹೃದಯಾಘಾತವಾಗಿ ಆಸ್ಪತ್ರೆ ಸೇರಿದರು. ಬದುಕಿದರು.

ದಿಬ್ಬ ಹತ್ತುವಾಗ ಬಂದು ನಿಂತಾಗ ಕಡಿಮೆಯಾಗುವ ಬಿಗಿತ, ತೋಳಿಗೆ, ದವಡೆಗೆ, ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರು ಸಾಲದಾಗುವುದು, ಇವು ಹೃದಯದ ಕಡೆ ಬೆರಳು ತೋರುತ್ತವೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಮತ್ತು ಹೆಂಗಸರಲ್ಲಿ ಇಷ್ಟು ಸ್ಪಷ್ಟವಾದ ಲಕ್ಷಣಗಳಿಲ್ಲದೆ ಬರಿಯ ಹೊಟ್ಟೆ ತೊಳಸುವಿಕೆ, ಸುಸ್ತು ಇರಬಹುದು. ಅಂಥ ನೋವು ಕೆಲವು ನಿಮಿಷಗಳಲ್ಲಿ ಹೋಗದಿದ್ದರೆ 108ಕ್ಕೆ ಕರೆ ಮಾಡಿ, ಬೈಕ್ ಓಡಿಸಿಕೊಂಡು ನೀವೇ ಹೋಗಬೇಡಿ. ನೋವಿಲ್ಲದ ದಿನವೂ ಬಿಪಿ ಇರುವ ನೀವು ಒಮ್ಮೆ ಇಸಿಜಿ ಮಾಡಿಸಿ, ಇದು ಆಗಾಗ ಬರುತ್ತದೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಒಂದು ಇಸಿಜಿ ಸರಿಯಿದ್ದ ಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ, ಅವರು ಯಂತ್ರದ ಮೇಲೆ ನಡೆಸಿ ನೋಡುವ (ಟ್ರೆಡ್‌ಮಿಲ್) ಪರೀಕ್ಷೆ ಹೇಳಿದರೆ ಅದನ್ನೂ ಮಾಡಿಸಿ.

ಈನೋ ಕುರಿತು ಇನ್ನೊಂದು ಮಾತು. ನೊರೆ ಬರಿಸುವ ಸೋಡಾ ಪುಡಿಯಲ್ಲಿ ಸೋಡಿಯಂ ಬಹಳ. ಊಟದ ಉಪ್ಪನ್ನು ಲೆಕ್ಕಹಾಕಿ ತಿನ್ನುವ ಬಿಪಿಯವರು ಅದನ್ನು ದಿನವೂ ಕುಡಿದರೆ ಆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಪ್ರಶ್ನೆ: ಎರಡು ತಿಂಗಳ ಕೂಸು ಸಂಜೆಯಾದರೆ ಅಳುತ್ತದೆ. ಓಮದ ನೀರು ಅಥವಾ ಗ್ರೈಪ್ ವಾಟರ್ ಹಾಕಬಹುದೇ? (ಕೊಪ್ಪ)

ಉತ್ತರ: ಎರಡೂ ಬೇಡ. ಆರು ತಿಂಗಳವರೆಗೆ ತಾಯಿಯ ಹಾಲಲ್ಲದೆ ನೀರನ್ನೂ ಕೊಡುವ ಅಗತ್ಯವಿಲ್ಲ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗು ಬರಿಸಿ. ಸಂಜೆಯ ಈ ಅಳು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೆ ತಾನಾಗಿ ನಿಲ್ಲುತ್ತದೆ. ಕೂಸು ಹಾಲು ಬಿಟ್ಟರೆ, ಜ್ವರ ಬಂದರೆ, ಹಸಿರು ವಾಂತಿ ಮಾಡಿದರೆ ಕಾಯಬೇಡಿ. ಓಮದ ನೀರನ್ನು ಬೇಕಾದರೆ ಅಜ್ಜಿಯವರು ಕುಡಿಯಲಿ.