ಫ್ರಾನ್ಸ್‌ನ ಒರ್ಲೆಯಾನ್‌ನಿಂದ ಟೂರ್ ಊರಿಗೆ ರೋಡ್ ಬೈಕ್: ಆ್ಯಪ್ ಜಲ್ಲಿ ದಾರಿಗೆ ಎಳೆಯುತ್ತಿದ್ದರೆ

ಸೈಕಲ್ಲಿಗೆ 25 ಮಿ.ಮೀ.ನ ತೆಳು ಟೈರ್ ಇದ್ದರೂ ಆ್ಯಪ್ ಪದೇ ಪದೇ ಜಲ್ಲಿ ದಾರಿ ತೋರಿಸುತ್ತಿದೆ ಅಂದಿರಿ. ಬಹುಶಃ ಅದು 'ಲ್ವಾರ್ ಆ ವೆಲೊ' ಹಾದಿಯನ್ನೇ ಹಿಡಿಯುತ್ತಿದೆ. ಲ್ವಾರ್ ಹೊಳೆ ದಂಡೆಯ ಆ ಸೈಕಲ್ ಹಾದಿ ಚೆನ್ನಾಗಿದೆ, ಆದರೆ ಅಲ್ಲಲ್ಲಿ ಡಾಂಬರಿಲ್ಲ.

ಮೊದಲು ಸೈಕಲ್ ಬಗೆಯನ್ನು 'ರೋಡ್ ಬೈಕ್' ಅಂತ ಬದಲಿಸಿ. ಯಾವ ಆ್ಯಪ್ ಅಂತ ನೀವು ಬರೆದಿಲ್ಲ, ಮೆನುವಿನಲ್ಲಿ ಬೇರೆ ಹೆಸರಿರಬಹುದು. ಆಮೇಲೆ ಬ್ಲ್ವಾ ಊರಿನಲ್ಲಿ ದಾರಿಯನ್ನು ಎರಡು ತುಂಡು ಮಾಡಿ, ಒಂದೊಂದೂ ಸುಮಾರು 60 ಕಿ.ಮೀ. ಪ್ರತಿ ತುಂಡನ್ನೂ ಮಿಶೆಲಿನ್ ನಕ್ಷೆ ಪಕ್ಕದಲ್ಲಿಟ್ಟು ನೋಡಿ. ನಕ್ಷೆಯಲ್ಲಿ ಕೆಂಪು ಬಣ್ಣದ ದೊಡ್ಡ ರಸ್ತೆ ಬಂದಲ್ಲಿ ಆ್ಯಪ್‌ನ ಗೆರೆಯನ್ನು ಪಕ್ಕದ ಬಿಳಿ ಬಣ್ಣದ ಸಣ್ಣ ರಸ್ತೆಗೆ ಎಳೆಯಿರಿ. ಹಳದಿಯೂ ಪರವಾಗಿಲ್ಲ, ದೊಡ್ಡ ಊರುಗಳ ಹತ್ತಿರ ಮಾತ್ರ ಗಾಡಿ ಜಾಸ್ತಿ. ದಾರಿಯಲ್ಲಿ ಮೈಲಿಗಲ್ಲೂ ನೆರವಾಗುತ್ತದೆ: ತಲೆ ಹಳದಿ ಇದ್ದರೆ ಜಿಲ್ಲಾ ಮಟ್ಟದ ಡಿ ರಸ್ತೆ, ಕೆಂಪಿದ್ದರೆ ರಾಷ್ಟ್ರೀಯ ರಸ್ತೆ. ನಮ್ಮಲ್ಲಿ ಹಳದಿ ಅಂದ್ರೆ ನ್ಯಾಷನಲ್ ಹೈವೇ ಅಲ್ವಾ, ಗೊಂದಲ ಮಾಡ್ಕೋಬೇಡಿ.

ರೂಮ್ ಇನ್ನೂ ಬುಕ್ ಮಾಡಿಲ್ಲದಿದ್ದರೆ ದಿಕ್ಕನ್ನೇ ತಿರುಗಿಸಿ, ಟೂರ್‌ನಿಂದ ಹೊರಡಿ. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಎದುರುಗಾಳಿಗೆ ಸುಮ್ನೆ ಯಾಕೆ ತುಳಿಯಬೇಕು?

ಬ್ರೆಡ್, ಹಣ್ಣು ಬೆಳಿಗ್ಗೆಯೇ ಕಟ್ಟಿಸಿಕೊಳ್ಳಿ. ಹಳ್ಳಿ ಅಂಗಡಿಗಳು ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುತ್ತವೆ, ಸೋಮವಾರ ಎಷ್ಟೋ ಕಡೆ ತೆಗೆಯುವುದೇ ಇಲ್ಲ. ನೀರು ಮುಗಿದರೆ ಸ್ಮಶಾನದ ಗೇಟಿನ ಒಳಗೆ ನಲ್ಲಿ ಹುಡುಕಿ. 'ನಾನ್ ಪೊಟಾಬ್ಲ್' ಅಂತ ಬೋರ್ಡ್ ಇದ್ದರೆ ಕುಡಿಯಬೇಡಿ, ತಲೆಗೆ ಸುರಿದುಕೊಳ್ಳಿ.